ಬಣ್ಣ ಬಿಡುವ ಬಿಲ್ಲೆಗಳು

ಕ್ಲಬ್ಬಿನ ಮಾಲೀಕ ಪೋಕರ್ ಬಿಲ್ಲೆಯೊಂದನ್ನು ನೀರಿನ ಲೋಟದಲ್ಲಿ ಅದ್ದಿ, ಅದಕ್ಕೆ ಬಣ್ಣದ ಅಚ್ಚು ಹಾಕಿಕೊಟ್ಟವನ ಎರಡೂ ಕೆನ್ನೆಗೆ ತಿಕ್ಕಿದ. ಕೆಂಪು ಹತ್ತಿತು. ಮೇಜಿನ ಸುತ್ತ ಕೂತಿದ್ದವರು ನಕ್ಕರು.

"ಪ್ರಿಂಟರ್ ಸಾಹೇಬ್ರು ನಾಚ್ಕೊಂಡ್ರು!" ಎಂದ ಒಬ್ಬ.

ಇದೇ ಮಾಲೀಕ ಇದೇ ಜನರೆದುರು ಹಿಂದೆ ಹೇಳಿದ್ದ: "ಇರೋದ್ರಲ್ಲಿ ಅಗ್ಗದ್ದು ಹಾಕು. ಜೂಜಿನ ಬಿಲ್ಲೆಗೆ ಜರಿ ಅಂಚು ಬೇಕಾ?" ಅಗ್ಗದ ಶಾಯಿ ಬೆವರುವ ಕೈಗೆ ನಿಲ್ಲುವುದಿಲ್ಲ ಎಂದು ಅಚ್ಚಿನವ ಪರಿಪರಿಯಾಗಿ ಹೇಳಿದ್ದ. "ನಿನ್ನ ಪಾಠ ಬೇಡ" ಎಂಬ ಉತ್ತರ ಬಂದಿತ್ತು. ಈಗ ಅತಿಥಿಗಳ ಅಂಗೈ ಕೆಂಪಾದಾಗ ತಪ್ಪೆಲ್ಲ ಅಚ್ಚಿನವನ ತಲೆಗೆ. ಹೊಸ ಬಿಲ್ಲೆಗಳನ್ನು ಪುಕ್ಕಟೆ ಮಾಡಿಕೊಡಬೇಕು, ಇಲ್ಲದಿದ್ದರೆ ಅಂಗಡಿಯ ಬಾಗಿಲು ಮುಚ್ಚಿಸುತ್ತಾನಂತೆ.

ಮನೆಯಲ್ಲಿ ಹೆಂಡತಿ ಸೋಪು ಹಚ್ಚಿ ತಿಕ್ಕಿದಳು, ಸೀಮೆಎಣ್ಣೆ ಹಚ್ಚಿ ತಿಕ್ಕಿದಳು. "ಹೋಗ್ತಾ ಇಲ್ಲ ಕಣ್ರೀ" ಎಂದಳು. ಬಿಲ್ಲೆಯ ಮೇಲೆ ನಿಲ್ಲದ ಬಣ್ಣ ಕೆನ್ನೆಯ ಮೇಲೆ ಬೇರು ಬಿಟ್ಟಿತ್ತು. ಆ ಉರಿಯಲ್ಲೇ ಅಚ್ಚಿನವನಿಗೆ ಉಪಾಯ ಹೊಳೆಯಿತು.

ಪೊಲೀಸರು ನುಗ್ಗಿದರೆ ಸಾಕ್ಷಿಯಾಗಬಾರದೆಂದು ಮಾಲೀಕ ಬಿಲ್ಲೆಗಳ ಮೇಲೆ ಅಂಕಿ ಹಾಕಿಸುತ್ತಿರಲಿಲ್ಲ. ಎಲ್ಲ ಬಿಳಿ ಬಿಲ್ಲೆಗಳ ಮೇಲೂ ಒಂದೇ ಕುದುರೆಯ ಅಚ್ಚು. ಬಣ್ಣವೇ ಬೆಲೆ: ಕೆಂಪು ಎಂದರೆ ಚಿಲ್ಲರೆ, ಹಸಿರು ಎಂದರೆ ದೊಡ್ಡ ಮೊತ್ತ. ಆಟದ ಕೋಣೆಗೆ ಹೊರಗಿನ ಬೆಳಕಿಲ್ಲ, ಮಬ್ಬು ಹಳದಿ ದೀಪಗಳಷ್ಟೇ. ಅಚ್ಚಿನವ ಅಂಥದೇ ದೀಪ ತಂದು ಅಂಗಡಿಯ ಹಿಂದಿನ ಕೋಣೆಯಲ್ಲಿ ನೇತುಹಾಕಿದ. ಈ ಸಲ ಬಣ್ಣ ಬಿಡದ ಶಾಯಿ ತಂದು, ಕೆಂಪಿಗೆ ತುಸು ಕಪ್ಪು, ಹಸಿರಿಗೆ ತುಸು ಕಂದು ಬೆರೆಸುತ್ತ, ಒರೆಸುತ್ತ, ಮತ್ತೆ ಬೆರೆಸುತ್ತ ಹೋದ. ಕೊನೆಗೆ ಹದ ಸಿಕ್ಕಿತು. ಬಿಸಿಲಿನಲ್ಲಿ ಒಂದು ದಾಳಿಂಬೆ, ಇನ್ನೊಂದು ಎಲೆ. ಹಳದಿ ದೀಪದ ಕೆಳಗೆ ಎರಡೂ ಕಾಫಿಯ ಕಲೆ.

ಮಾಲೀಕ ಹಗಲಲ್ಲಿ ಬಂದು, ಅಂಗಡಿಯ ಮೆಟ್ಟಿಲ ಮೇಲೆ ನಿಂತು ನೋಡಿ ಒಪ್ಪಿದ.

ಕೆಂಪು ಬಿಲ್ಲೆ ಕೊಂಡು ಹಸಿರೆಂದು ಕೊಟ್ಟು ಹಣ ಪಡೆಯುವ ಕೆಲಸ ಹೆಂಡತಿಯ ತಮ್ಮನದು. ಕ್ಲಬ್ಬಿನವರು ಅವನ ಮುಖ ಕಂಡಿರಲಿಲ್ಲ.

"ಸಿಕ್ಕಿಬಿದ್ರೆ ಭಾವ?"

"ಸಿಕ್ಕಿಬೀಳೋಕೆ ಏನಿದೆಯೋ? ಅವನದೇ ಬಿಲ್ಲೆ, ಅವನದೇ ದೀಪ, ಅವನದೇ ಜಿಪುಣತನ. ಬಣ್ಣ ಸರಿಯಿಲ್ಲ ಅಂತ ಜನರ ಮುಂದೆ ಬಾಯಿ ಬಿಟ್ರೆ ಅವನ ಮಾನವೇ ಹೋಗೋದು."

"ಬಾಗಿಲಲ್ಲಿರೋ ಆ ದಾಂಡಿಗನ ಕೈ ನೋಡಿದ್ದೀಯಾ? ಹೋದ್ಸಲ ಯಾರದೋ ಮಣಿಕಟ್ಟು ಮುರಿದನಂತೆ."

"ಅವನ ಕೈ ಯಾಕೆ ನೋಡ್ತೀಯ? ಕೌಂಟರಿನ ಮುದುಕನ ಕನ್ನಡಕ ನೋಡು. ಗಾಜಲ್ಲ ಅದು, ಸೋಡಾ ಬಾಟ್ಲಿ ತಳ."

ಹೊಸ ಬಿಲ್ಲೆಗಳ ಮೊದಲ ಸಂಜೆ ಮಾಲೀಕ ಅಚ್ಚಿನವನನ್ನೂ ಕರೆಸಿದ. ಬಿಳಿ ಕರವಸ್ತ್ರ ಕೊಟ್ಟು ಬಾಗಿಲಲ್ಲಿ ನಿಲ್ಲಿಸಿದ; ಬಂದವರೆದುರು ಬಿಲ್ಲೆ ಉಜ್ಜಿ, ಬಣ್ಣ ಬಿಡುವುದಿಲ್ಲವೆಂದು ತೋರಿಸಬೇಕು. ಅಚ್ಚಿನವ ಹಲ್ಲು ಕಚ್ಚಿ ಉಜ್ಜಿದ. ಉಜ್ಜಿಸಿಕೊಳ್ಳೋ, ಇವತ್ತು ನಿನ್ನನ್ನೇ ಉಜ್ಜಿ ಒಗೆಯುತ್ತೇನೆ ಎಂದುಕೊಂಡ.

ಭಾಮೈದ ನಾಲ್ಕು ಕೈ ಆಡಿ ಎದ್ದ. ಕೌಂಟರಿಗೆ ಹೋಗಿ ಬಿಲ್ಲೆಗಳನ್ನು ಸುರಿದು, "ಎಲ್ಲಾ ಹಸಿರು ಯಜಮಾನ್ರೇ" ಎಂದ. ಮುದುಕ ಅವನ್ನು ತಡವಿದ, ವಾಪಸ್ಸು ತಳ್ಳಿದ.

"ಕೆಂಪು."

ಹಿಂದೆ ಜನ ಸೇರಿದರು. ಯಾರೋ ಸಿಳ್ಳೆ ಹಾಕಿದರು. ಮಾಲೀಕ ದಾಪುಗಾಲು ಹಾಕಿ ಬಂದು ಒಂದು ಬಿಲ್ಲೆಯನ್ನು ದೀಪಕ್ಕೆ ಹಿಡಿದ. ಅತಿಥಿಗಳ ಮುಖಗಳನ್ನು ನೋಡಿ ಮಾಲೀಕ ದೊಡ್ಡದಾಗಿ ನಕ್ಕ. "ಹಸಿರೇ ಕಣಯ್ಯ! ಮಾನ ಕಳೀಬೇಡ, ಕೊಟ್ಟು ಕಳಿಸು." ಲೆಕ್ಕ ಹಾಕಿದ ಹಾಗೇ ನಡೆಯುತ್ತಿತ್ತು. ಅಚ್ಚಿನವನ ಕೆನ್ನೆ ಎಷ್ಟೋ ದಿನದ ಮೇಲೆ ತಣ್ಣಗಾಯಿತು.

ಮುದುಕ ಕನ್ನಡಕ ತೆಗೆದು ಪಕ್ಕಕ್ಕಿಟ್ಟ. "ನಿಮ್ಮ ಕಣ್ಣಿಗೆ ಹಸಿರಿರಬಹುದು ಧಣಿ. ನನಗೆ ಹುಟ್ಟಿದಾಗಿಂದ ಕೆಂಪು, ಹಸಿರು ಎರಡೂ ಒಂದೇ. ಹೇಳಿದ್ರೆ ಕೆಲಸ ಹೋಗುತ್ತೆ ಅಂತ ಬಾಯಿ ಮುಚ್ಕೊಂಡಿದ್ದೆ." ಕುದುರೆಯ ಬೆನ್ನ ಮೇಲೆ ಹೆಬ್ಬೆರಳು ಎಳೆದ. "ನಾನು ನೋಡೋದು ಇದ್ರಲ್ಲಿ. ಹಸಿರಿನ ಕುದುರೆ ಬೆರಳಿಗೆ ಉಬ್ಬಾಗಿ ಸಿಗುತ್ತೆ. ಇದು ನುಣ್ಣಗಿದೆ." ಅಚ್ಚಿನವನ ಕೈಯಿಂದ ಕರವಸ್ತ್ರ ಜಾರಿತು. ಹಳೆಯ ಅಗ್ಗದ ಹಸಿರು ಒಂದೇ ಸಲಕ್ಕೆ ಬಿಳಿಯನ್ನು ಮುಚ್ಚುತ್ತಿರಲಿಲ್ಲ; ಕೈಗೆ ಆದ ಆ ರೂಢಿಯಲ್ಲೇ ಹೊಸ ಹಸಿರನ್ನೂ ಎರಡೆರಡು ಸಲ ಒತ್ತಿದವನು ತಾನೇ. ಬಾಗಿಲ ದಾಂಡಿಗ ಭಾಮೈದನ ಬೆನ್ನ ಹಿಂದೆ ಬಂದು ನಿಂತ. ಭಾಮೈದ ಕೌಂಟರಿನತ್ತಲ್ಲ, ಭಾವನತ್ತ ನೋಡಿದ. ಕೋಣೆಯೇ ಆ ನೋಟದ ಹಿಂದೆ ತಿರುಗಿತು. "ಕೊಡು ಅಂದ್ನಲ್ಲ!" ಮಾಲೀಕ ಇನ್ನೂ ಕಿರುಚುತ್ತಿದ್ದ. ಮುದುಕ ಹಣದ ಪೆಟ್ಟಿಗೆಯ ಮೇಲೆ ಎರಡೂ ಕೈ ಊರಿ ಕೂತ. "ಕೊಡಲ್ಲ."