ಚಂಪಾಬಾಯಿಯ ಮುಡಿಗೆ ಅಬ್ಬಲಿಗೆ

ಸೊಸೆಯ ಟ್ಯಾಬ್ಲೆಟ್ಟಿನಲ್ಲಿದ್ದ ಚಿತ್ರ ಕಂಡದ್ದೇ ತಡ, ಚಂಪಾಬಾಯಿಯ ಕೈಯಿಂದ ಚಹಾದ ಲೋಟ ಜಾರಿ ನೆಲಕ್ಕೆ ಬಿತ್ತು.

"ನನ್ನ ತಲೆಗೆ ಹೂ ಎಂತಕ್ಕೆ ಇಟ್ಟೆ?"

ಕೂಗಲಿಲ್ಲ, ಪಿಸುಗುಟ್ಟಿದಳು. ಅಂಕೋಲೆಯ ಮೀನುಪೇಟೆಯಲ್ಲಿ ಈಕೆ ಬಂಗಡೆಯ ದರ ಕೂಗಿದರೆ ಅತ್ತ ಕಾರವಾರದ ಬಂದರಿನಲ್ಲಿ ಬೋಟುಗಳು ಬೆಚ್ಚಿ ದಡಕ್ಕೆ ತಿರುಗುತ್ತಿದ್ದವು. ನಂಬದವರು ಬೋಟಿನವರನ್ನೇ ಕೇಳಿಕೊಳ್ಳಲಿ. ಅಂಥವಳು ಪಿಸುಗುಟ್ಟಿದಳೆಂದರೆ... ಬೊಬ್ರುವಾಡದ ಆ ಮನೆಯ ಹೆಂಚುಗಳೆಲ್ಲ ಒಮ್ಮೆಗೇ ನಡುಗಿದವು!

ಸೊಸೆ ಪ್ರಗತಿ ಕಾಮಿಕ್ಸ್ ಚಿತ್ರ ಬಿಡಿಸುವವಳು. ಅದನ್ನು ಗೊಂಬೆ ಗೀಚುವ ಕೆಲಸವೆಂದು ಸೊಸೆ ಮನೆಗೆ ಬಂದ ದಿನದಿಂದ ಅತ್ತೆ ಹಂಗಿಸುತ್ತಲೇ ಬಂದಿದ್ದಳು. ಕೈಗಾದ ಕಾಲೊನಿಯಲ್ಲಿ ಬೆಳೆದ ಈ ಹುಡುಗಿಗೆ ಬಂಗಡೆ ಯಾವುದು, ತಾರ್ಲೆ ಯಾವುದು ಗೊತ್ತಿಲ್ಲವೆಂದು ಪೇಟೆಗೆಲ್ಲ ಸಾರಿದ್ದಳು. ಆದರೂ ಪ್ರಗತಿ ತನ್ನ ಮೊದಲ ಪುಸ್ತಕಕ್ಕೆ ಆ ಅತ್ತೆಯನ್ನೇ ನಾಯಕಿ ಮಾಡಿದ್ದಳು: ಮೀನುಕತ್ತಿ ಹಿಡಿದು ಕಡಲ್ಗಳ್ಳರನ್ನು ಅಟ್ಟಾಡಿಸುವ ಚಂಪಕ್ಕ. ಮುಂಬಯಿಯ ಕಾಮಿಕ್ಸ್ ಕಂಪನಿ ಮೆಚ್ಚಿ ಮುಖಪುಟ ಸಿದ್ಧಮಾಡಿತ್ತು. ಅದನ್ನು ಕಂಡು, ಕತೆಯನ್ನು ತೆರೆಗೆ ತರುತ್ತೇವೆಂದು ಸಿನಿಮಾದವರೂ ಬಂದಿದ್ದರು. ಪೇಟೆಯ ಹೆಂಗಸರೆಲ್ಲ ಮುಡಿತುಂಬ ಅಬ್ಬಲಿಗೆ ಮುಡಿದೇ ಮೀನು ಮಾರುತ್ತಾರಲ್ಲ, ಆ ರೂಢಿಯಲ್ಲೇ ಪ್ರಗತಿಯ ಕೈ ಅತ್ತೆಯ ಮುಡಿಗೂ ಹೂ ಬರೆದಿತ್ತು. ಗಂಡನನ್ನು ಕಡಲು ನುಂಗಿದ ದಿನದಿಂದ ಆ ತಲೆ ಹೂವನ್ನೇ ಕಂಡಿಲ್ಲವೆಂಬುದು... ಅಯ್ಯೋ, ಅವಳಿಗೆ ಹೊಳೆದೇ ಇರಲಿಲ್ಲ.

ಪ್ರಗತಿ ಒಡನೆಯೇ ಕಂಪನಿಯ ಸಂಪಾದಕಿ ನೀತಾಗೆ ಫೋನ್ ಮಾಡಿ ಹೂ ತೆಗೆಯುತ್ತೇನೆಂದಳು. ಹೂವೇ ಚಂಪಕ್ಕನ ಗುರುತು, ಅದಿಲ್ಲದೆ ಸಿನಿಮಾದವರು ಒಪ್ಪುವುದಿಲ್ಲ, ಪುಸ್ತಕವೂ ನಿಂತುಹೋಗುತ್ತದೆ ಎಂದು ನೀತಾ ಖಡಾಖಂಡಿತವಾಗಿ ಹೇಳಿಬಿಟ್ಟಳು. ಹಾಗಿದ್ದರೆ ನಿಲ್ಲಲಿ ಎಂದು ಪ್ರಗತಿ ಫೋನ್ ಇಟ್ಟಳು. ಆಮೇಲೆ ಅವಳು ಅತ್ತ ಅಳುವಿಗೆ ಗಂಗಾವಳಿ ಹೊಳೆಗೆ ಬೇಸಿಗೆಯಲ್ಲೇ ನೆರೆ ಬರಬೇಕಿತ್ತು, ಹೇಗೋ ತಪ್ಪಿತು.

ಒಲೆಯ ಮುಂದೆ ನಿಂತೇ ಎಲ್ಲವನ್ನೂ ಕೇಳಿಸಿಕೊಂಡಿದ್ದ ಚಂಪಾಬಾಯಿ ಬಂದು ಪಕ್ಕದಲ್ಲಿ ಕುಳಿತಳು.

"ಪುಸ್ತಕ ಬೇಡ ಅಂದ್ಯಾ? ನನ್ನ ಸಲುವಾಗಿ?"

"ನಿಮಗೆ ನೋವಾಗೋ ಪುಸ್ತಕ ನಂಗೆ ಎಂತಕ್ಕೆ, ಅತ್ತೆ?"

ಚಂಪಾಬಾಯಿ ಸೆರಗಿನಿಂದ ಸೊಸೆಯ ಮುಖ ಒರೆಸಿದಳು... ಮೀನು ಉಜ್ಜುವ ಹಾಗೆ ಒರಟಾಗಿ.

"ಜನ ಎಂತ ಹೇಳ್ತ್ರು ಅಂತ ನಂಗೆ ಹೆದರಿಕೆ ಇಲ್ಲ ಮಗಾ. ನಿನ್ನ ಮಾವ ಇದ್ದಾಗಿನ ಚಂಪಾನ ಕಂಡ ಹಾಗಾಯ್ತು... ತಡಿಲಿಕ್ಕೆ ಆಗ್ಲಿಲ್ಲ ನೋಡು. ಹೂ ಇರ್ಲಿ. ಆ ಮುಂಬಯಿ ಬಾಯಿಗೆ ಫೋನ್ ಮಾಡಿ ಹೇಳು."

ಪ್ರಗತಿಯ ಫೋನ್ ಮುಗಿದರೂ ಅತ್ತೆ ಏಳಲಿಲ್ಲ.

"ಅವರದ್ದೂ ಒಂದು ಚಿತ್ರ ತೆಗಿತ್ಯಾ?"

ಮಾವನ ಒಂದು ಫೋಟೊವೂ ಆ ಮನೆಯಲ್ಲಿ ಉಳಿದಿರಲಿಲ್ಲ. ಪ್ರಗತಿ ಖಾಲಿ ಪುಟ ತೆರೆದು, ಮೂಗು ಹೇಗಿತ್ತು, ಹಣೆ ಹೇಗಿತ್ತು ಎಂದು ಮೆಲ್ಲಗೆ ವಿಚಾರಿಸತೊಡಗಿದಳು.

"ಮೂಗು ಆಮೇಲೆ. ಮೊದ್ಲು ನಗು ತೆಗಿ" ಎಂದ ಚಂಪಾಬಾಯಿ, ಸೊಸೆಗೆ ತಿಳಿಯಲೆಂದು, ಗಂಡ ನಗುತ್ತಿದ್ದ ಹಾಗೆಯೇ ತಾನು ನಕ್ಕು ತೋರಿಸಿದಳು.