ದಣಿದ ಹಾಲಿನ ಹೆಸರು

"ಅಜ್ಜೀ, ಕೆಳಗಿನ ಬಯಲಿಗೆ ದಾರಿ ಯಾವುದು?"

ಬಲು ಹಿಂದೆ, ಹಿಮಬೆಟ್ಟಗಳ ನಡುವಿನ ಒಂದು ರಾಜ್ಯದಲ್ಲಿ, ಓರ್ಸೊಲಾ ಎಂಬ ದನಗಾಹಿ ಮಂಜಿನಲ್ಲಿ ದಾರಿ ತಪ್ಪಿ ಹೀಗೆ ಕೇಳಿದಳು. ಬೇಸಿಗೆಯೆಲ್ಲ ಮೇಲಿನ ಹುಲ್ಲುಗಾವಲಲ್ಲಿ ಮೇಯ್ದ ಊರಿನ ಹಸುಗಳನ್ನು ಚಳಿಗೆ ಮುಂಚೆ ಇಳಿಸಿಕೊಂಡು ಹೊರಟಿದ್ದಳು.

ಗುಡಿಸಲ ಬಾಗಿಲಲ್ಲಿದ್ದ ಜಿನೇವ್ರಾ ಅಜ್ಜಿ, "ದಾರಿ ಇರೋದು ಒಂದೇ. ಅಲ್ಲೊಬ್ಬ ಮಾಂತ್ರಿಕ ಕೂತಿದ್ದಾನೆ. ಅವನಿಗೆ ಮೂರು ವಸ್ತು ತೋರಿಸಬೇಕು. ಒಂದರ ಹೆಸರಾದರೂ ಅವನಿಗೆ ತಿಳಿಯದಿದ್ದರೆ ಬಿಡುತ್ತಾನೆ. ಮೂರನ್ನೂ ಹೇಳಿಬಿಟ್ಟರೆ ದನವೆಲ್ಲ ಕಲ್ಲು. ದಾರಿ ಪಕ್ಕದ ಬಂಡೆಗಳು ಏನಂದುಕೊಂಡೆ? ಅದರಲ್ಲೊಂದು ನನ್ನ ಹಸು" ಎಂದಳು.

"ಅವನಿಗೆ ತಿಳಿಯದ್ದು ಇದೆಯೇ?"

"ಲೋಕವೆಲ್ಲ ಸುತ್ತಿದ್ದಾನೆ, ಗಾಳಿಯ ಮೇಲೆ. ನೆಲದ ಮೇಲೆ ನಡೆದದ್ದು ಮಾತ್ರ ಕಾಣೆ."

ಹಸುಗಳು ನಡೆದು ನಡೆದು ಸೋತಿದ್ದವು. ಹಾಲು ಕಡಿಮೆ, ಕೆನೆ ಜಾಸ್ತಿ. ಕರೆಯದಿದ್ದರೆ ಕೆಚ್ಚಲು ಬಾಯುತ್ತದೆ. ಕಾಯಿಸೋಣವೆಂದರೆ ಸೌದೆಯೆಲ್ಲ ಒದ್ದೆ. ಓರ್ಸೊಲಾ ಅಜ್ಜಿಯಿಂದ ಒಂದು ಬಟ್ಟಲು ಹೆಪ್ಪು ಕಡ ತಂದು, ಕರೆದ ಬಿಸಿಯಲ್ಲೇ ಹಾಲಿಗೆ ಹಾಕಿ, ಗಟ್ಟಿಯಾದದ್ದನ್ನು ನೀರು ಬಸಿಯಲೆಂದು ಬಟ್ಟೆಯಲ್ಲಿ ಕಟ್ಟಿಟ್ಟಳು.

"ಹೆಪ್ಪನ್ನು ದಾನ ಕೊಡೋದು ನಮ್ಮಲ್ಲಿಲ್ಲ, ಮಗಳೇ," ಎಂದಳು ಅಜ್ಜಿ. "ವಾಪಸ್ ಬರಬೇಕು."

ಮರುದಿನ ದಾರಿಯಲ್ಲಿ ಕೂತಿದ್ದ ಮಾಂತ್ರಿಕನಿಗೆ ಓರ್ಸೊಲಾ ಮೊದಲು ಕಡಿದಾದ ಬಂಡೆಯ ನೀಲಿ ಹೂ ತೋರಿಸಿದಳು. ಆಕಳಿಸುತ್ತ ಹೆಸರು ಹೇಳಿದ. ಆಮೇಲೆ ಕರಡಿಯ ಹಲ್ಲು ತೋರಿಸಿದಳು. ಆ ಕರಡಿಯ ತಾಯಿಯ ಹೆಸರನ್ನೂ ಸೇರಿಸಿ ಹೇಳಿದ. ಕೊನೆಗೆ ಬಟ್ಟೆ ಬಿಚ್ಚಿದಳು.

"ಬೆಣ್ಣೆ," ಎಂದ.

"ಬೆಣ್ಣೆಗೆ ಈ ಹುಳಿ ಎಲ್ಲಿಂದ ಬರಬೇಕು?"

"ಮೊಸರು."

"ಮೊಸರನ್ನು ಹೋಳು ಮಾಡುತ್ತಾರೆಯೇ?"

"ಚೀಸು, ಅಷ್ಟೇ."

"ಚೀಸು ಎಂದರೆ ಜಾತಿ ಹೇಳಿದಂತಾಯಿತು. ಇದರ ಹೆಸರು?"

ಯೋಚಿಸುತ್ತ ಯೋಚಿಸುತ್ತ ಮಾಂತ್ರಿಕ ಅದನ್ನು ಪೂರ್ತಿ ತಿಂದುಬಿಟ್ಟ. "ನೀನೇ ಹೇಳು," ಎಂದ.

"ನಮ್ಮ ಕಣಿವೆಯಲ್ಲಿ ದಣಿದ ಹಸುವಿಗೆ ಸ್ಟ್ರಾಕ್ಕಾ ಎನ್ನುತ್ತೇವೆ. ಅದರ ಹಾಲಿನದು ಇದು. ಸ್ಟ್ರಾಕ್ಕೀನೋ."

"ದಣಿಯುವುದು ಎಂದರೆ?"

ಕೇಳಿದ್ದೇ ತಡ, ಅವನು ನಡೆಯದೆ ಉಳಿಸಿಕೊಂಡಿದ್ದ ದಾರಿಗಳ ದಣಿವೆಲ್ಲ ಒಟ್ಟಿಗೆ ಕಾಲಿಗಿಳಿಯಿತು. ಕೂತಲ್ಲೇ ಒರಗಿದ. ಮತ್ತೆ ಏಳಲಿಲ್ಲ. ಬಂಡೆಗಳು ಕಿವಿ ಕೊಡವಿ ಎದ್ದು ಹುಲ್ಲು ಹುಡುಕಿದವು. ಆ ಚಳಿಗಾಲದಲ್ಲಿ ರಾಜ್ಯದ ಯಾವ ಮನೆಯಲ್ಲೂ ಹಾಲಿಗೆ ಬರ ಬರಲಿಲ್ಲ; ಮುಂದೆಯೂ ಜನ ಉಂಡುಟ್ಟು ಚೆನ್ನಾಗಿದ್ದರು.

ಓರ್ಸೊಲಾ ಮಾತ್ರ ಹಸುಗಳನ್ನು ಊರಿಗೆ ಒಪ್ಪಿಸಿದವಳೇ ಮತ್ತೆ ಬೆಟ್ಟ ಹತ್ತಿದಳು. ಜಿನೇವ್ರಾ ಅಜ್ಜಿ ತನ್ನ ಹಸುವಿನ ಹಾಲು ಕರೆಯುತ್ತಿದ್ದಳು. ಓರ್ಸೊಲಾ ಹೆಪ್ಪಿನ ಬಟ್ಟಲನ್ನು, ಅಂಚಿನವರೆಗೂ ತುಂಬಿ, ಅವಳ ಪಕ್ಕದಲ್ಲಿಟ್ಟಳು.