ಕೇಳಿದ್ದು ಬರೀ ಮಾತ್ರೆ!

ಪರೀಕ್ಷೆಯ ಪಟ್ಟಿಯ ಮೇಲೆ ಎರಡನೇ ಗೆರೆ ಮೂಡಲೇ ಇಲ್ಲ! ಅಂದರೆ, ಮೂತ್ರದಲ್ಲಿ ಮಾದಕ ಅಂಶವಿದೆ.

"ಇನ್ನೊಂದ್ಸಲ ನೋಡಿ ಸಿಸ್ಟರ್..." ಕ್ರೇನ್ ಚಾಲಕನ ಮುಖ ಬಿಳಿಚಿಕೊಂಡಿತು.

ಕಾರ್ಖಾನೆಯ ನರ್ಸ್ ಅವಳು. "ಮಾತ್ರೆ ಏನಾದ್ರೂ ತಗೊಂಡಿದ್ದೀರಾ ಅಂತ ಕೇಳಿದ್ದೆ. ಇಲ್ಲ ಅಂದ್ರಿ!"

"ನಿಜವಾಗ್ಲೂ ತಗೊಂಡಿಲ್ಲ!"

ದಿನಾ ಬೆಳಿಗ್ಗೆ ಕುಡಿತದ ಪರೀಕ್ಷೆಯ ಯಂತ್ರಕ್ಕೆ ಊದಿ, "ಇವತ್ತೂ ಪಾಸಾ?" ಎಂದು ನಗಿಸುತ್ತಿದ್ದವನು. ಅವನ ಸರದಿ ಬರುವ ಮೊದಲು ಜಡೆ ಸರಿಮಾಡಿಕೊಳ್ಳುತ್ತಿದ್ದವಳು ಇವಳು. ಆ 'ಸಿಸ್ಟರ್' ಕೇಳಿದಾಗಲೆಲ್ಲ ಮನಸ್ಸು ಚುರ್ರೆನ್ನುತ್ತಿತ್ತು, ಪಾಪ!

'ನನ್ನ ಮುಖ ನೋಡಿಕೊಂಡೇ ಸುಳ್ಳು ಹೇಳಿದನಾ?'

ಮೊದಲೇ ಹೇಳದೆ ಸಿಕ್ಕಿಬಿದ್ದವನು ಕ್ರೇನ್ ಹತ್ತುವಂತಿಲ್ಲ. ಪ್ರಯೋಗಾಲಯದ ವರದಿಯಲ್ಲೂ ಅದೇ ಬಂದರೆ ಕೆಲಸವೇ ಹೋಗುತ್ತದೆ. ಅವಳು ಮ್ಯಾನೇಜರಿಗೆ ಫೋನು ಮಾಡಿದಳು.

ಅವನು ಹೆಲ್ಮೆಟ್ ಎತ್ತಿಕೊಂಡು ಬಾಗಿಲವರೆಗೆ ಹೋದವನು ಗಟ್ಟಿಯಾಗಿ ಕೆಮ್ಮಿದ.

"ಕೆಮ್ಮು ಯಾವಾಗಿಂದ?"

"ಮೊನ್ನೆಯಿಂದ. ಅಕ್ಕ ಅವಳ ಟಾನಿಕ್ ಕುಡಿಸಿದಾಳೆ. ಕಡಿಮೆ ಆಗುತ್ತೆ ಬಿಡಿ."

ಅವಳಿಗೆ ಥಟ್ಟನೆ ಹೊಳೆಯಿತು. ಕೆಲವು ಕೆಮ್ಮಿನ ಔಷಧಿಯಲ್ಲಿರುವುದೂ ಅದೇ ಅಂಶ!

"ಮತ್ತೆ ಯಾಕ್ರೀ ಹೇಳಲಿಲ್ಲ?!"

"ಅದು ಮಾತ್ರೆ ಅಲ್ವಲ್ಲ...!"

'ಯಾವುದೇ ಔಷಧಿ' ಎಂದು ಕೇಳಬೇಕೆನ್ನುವುದು ನಿಯಮ. ಸಾಲು ಬೇಗ ಸಾಗಲೆಂದು ಇವಳೇ ಅದನ್ನು 'ಮಾತ್ರೆ' ಮಾಡಿದ್ದಳು. ಅಯ್ಯೋ, ಎಂಥ ಕೆಲಸ ಮಾಡಿಕೊಂಡೆ ಹುಡುಗಿ!

"ಸಿಕ್ಕಿಬಿದ್ದ ಮೇಲೆ ಎಲ್ರೂ ಟಾನಿಕ್ ಅಂತಾರಮ್ಮ," ಎಂದರು, ಅಷ್ಟರಲ್ಲಿ ಬಂದು ವಿಷಯ ಕೇಳಿದ ಮ್ಯಾನೇಜರ್.

"ತಪ್ಪಾಗಿ ಕೇಳಿದ್ದು ನಾನು ಸಾರ್!"

"ಹಾಗಂತ ಬರೆದುಕೊಟ್ರೆ ನಿಮ್ಮ ಕೆಲಸಕ್ಕೂ ಕುತ್ತು."

ಅವಳು ಬರೆದುಕೊಟ್ಟಳು. ಆದರೂ ಏನೂ ಬದಲಾಗಲಿಲ್ಲ. ವರದಿ ಬರುವವರೆಗೆ ಇಬ್ಬರೂ ಮನೆಯಲ್ಲಿರಬೇಕೆಂದು ಅಪ್ಪಣೆಯಾಯಿತು.

ಗೇಟಿನ ಹೊರಗೆ ಇಬ್ಬರೂ ನಿಂತರು. ಒಳಗೆ ಅವನ ಕ್ರೇನನ್ನು ಬೇರೆ ಯಾರೋ ಹತ್ತುತ್ತಿದ್ದರು. ನೋಡುವುದು ಬಿಟ್ಟು ಇಬ್ಬರ ಕೈಯಲ್ಲೂ ಬೇರೇನೂ ಇರಲಿಲ್ಲ.

"ನನಗೋಸ್ಕರ ನಿಮಗ್ಯಾಕೆ ಬೇಕಿತ್ತು ಈ ಉಸಾಬರಿ?"

ಅವಳಿಗೆ ಅಳು ತಡೆಯಲಾಗಲಿಲ್ಲ. "ಸರಿಯಾಗಿ ಕೇಳಿದ್ದಿದ್ರೆ ಇದೆಲ್ಲ ಆಗ್ತಾನೇ ಇರಲಿಲ್ಲ..."

"ಈಗ ಕೇಳಿ."

"ಈಗ ಕೇಳಿ ಏನು ಬಂತು?"

"ಕೇಳಿ ಅಂದೆ."

ಅವಳು ಮೂಗೊರೆಸಿಕೊಂಡಳು. "ಮಾತ್ರೆ, ಟಾನಿಕ್, ಇಂಜೆಕ್ಷನ್, ಮುಲಾಮು... ಇನ್ನೇನಾದ್ರೂ ಮುಚ್ಚಿಟ್ಟಿದ್ದೀರಾ?"

"ಹೂಂ." ಅವನ ದನಿ ಇಳಿಯಿತು. "ನಿಮ್ಮನ್ನ ತುಂಬಾ ಇಷ್ಟಪಡ್ತೀನಿ. ಮೊದಲ ದಿನದಿಂದ."

ಅವಳ ಅಳು ಅರ್ಧಕ್ಕೇ ನಿಂತಿತು. "ಇಷ್ಟು ದಿನ ಯಾಕೆ ಹೇಳಲಿಲ್ಲ...?"

"ನೀವು ಕೇಳ್ತಿದ್ದಿದ್ದು ಬರೀ ಮಾತ್ರೆ ಅಲ್ವಾ!"